ಬಿಸಿಲೇರಿದ ಮೇಲೆ ಏಳುತ್ತಿದ್ದ ಕಂಪ್ಯೂಟರ್

“ಮಾವ, ಫಾರ್ಮ್ಯಾಟ್ ಹೊಡೆದುಬಿಡ್ಲಾ?”

ಬೂದಿಕೋಟೆಯಿಂದ ಅಕ್ಕನ ಮಗಳು ಫೋನಿನಲ್ಲಿ ಹೀಗೆ ಕೇಳಿದಾಗ ನಾನು ಬೆಂಗಳೂರಿನ ಸಿಟಿ ಬಸ್ಸಿನಲ್ಲಿ ಕಂಬಿ ಹಿಡಿದು ನಿಂತಿದ್ದೆ. “ಬೇಡ” ಅಂದೆ. ಅಕ್ಕಪಕ್ಕದವರು ತಿರುಗಿ ನೋಡಿದರು, ಅಷ್ಟು ಜೋರಾಗಿ ಅಂದಿದ್ದೆ. ಹುಡುಗಿ ಗಾಬರಿಯಾಗಿ ಸುಮ್ಮನಾದಳು. ಬಂಗಾರಪೇಟೆಯಲ್ಲಿ ಬಿ.ಕಾಂ. ಓದುವವಳು. ಯಾವುದೋ ಆಫೀಸಿನವರು ಹಳೆಯದಾಯಿತೆಂದು ಹೊರಹಾಕಿದ್ದ ಕಂಪ್ಯೂಟರನ್ನು ಒಂದು ವರ್ಷದ ಹಿಂದೆ ನಾನೇ ಸೆಕೆಂಡ್ ಹ್ಯಾಂಡ್‌ನಲ್ಲಿ ಕೊಡಿಸಿದ್ದೆ. ಎರಡು ದಿನದಿಂದ ಅದು ಏಳುತ್ತಿಲ್ಲ. ಬಟನ್ ಒತ್ತಿದರೆ ಫ್ಯಾನ್ ತಿರುಗುತ್ತದೆ, ನೀಲಿ ಪರದೆ ಬರುತ್ತದೆ, ತನ್ನಷ್ಟಕ್ಕೇ ಆಫ್ ಆಗಿ ಮತ್ತೆ ಶುರುವಾಗುತ್ತದೆ, ಮತ್ತೆ ಅದೇ ನೀಲಿ ಪರದೆ. ಕಾಲೇಜಿನ ಗೆಳೆಯನೊಬ್ಬ ಪೆನ್‌ಡ್ರೈವಿನಲ್ಲಿ ಹೊಸ ವಿಂಡೋಸ್ ಹಾಕಿಕೊಟ್ಟಿದ್ದಾನೆ. ಅರ್ಧ ಗಂಟೆಯ ಕೆಲಸ ಅಂದಿದ್ದಾನೆ.

“ಅದರಲ್ಲಿ ಏನೇನಿದೆ?” ಅಂತ ಕೇಳಿದೆ.

“ನನ್ನ ಪ್ರಾಜೆಕ್ಟ್ ಇದೆ. ಅಮ್ಮನ ಸಂಘದ ಲೆಕ್ಕ ಇದೆ. ಫೋಟೋ ಇದಾವೆ. ಅವೆಲ್ಲ ಹೆಂಗೂ ಹೋಗಿರ್ತವಲ್ಲ ಮಾವ, ಕಂಪ್ಯೂಟರೇ ಏಳ್ತಿಲ್ಲ.”

ಕಂಪ್ಯೂಟರ್ ಏಳದಿದ್ದರೆ ಒಳಗಿನದೆಲ್ಲ ಹೋಗಿದೆ ಅನ್ನುವ ಈ ಲೆಕ್ಕ ನನಗೆ ಚೆನ್ನಾಗಿ ಗೊತ್ತು. ಇಪ್ಪತ್ತು ವರ್ಷದ ಹಿಂದೆ ಅದೇ ಊರಿನಲ್ಲಿ, ಅದೇ ಬೀದಿಯಲ್ಲಿ ನಾನೂ ಹೀಗೇ ಲೆಕ್ಕ ಹಾಕಿದ್ದೆ. ನನಗೆ ನಿಜವಾದ ಕಾರಣ ಹೇಳುವವರು ಇದ್ದರು. ನಾನು ಕೇಳಲಿಲ್ಲ. “ಭಾನುವಾರ ಬರ್ತೀನಿ, ಅಲ್ಲಿತನಕ ಆ ಪೆನ್‌ಡ್ರೈವ್ ಚುಚ್ಚಬೇಡ” ಅಂತ ಹೇಳಿ ಫೋನ್ ಇಟ್ಟೆ.

ಬೆಂಗಳೂರಿನಿಂದ ಬಂಗಾರಪೇಟೆಗೆ ರೈಲಿನಲ್ಲಿ ಸುಮಾರು 70 ಕಿಲೋಮೀಟರ್. ದಿನಾ ಬೆಳಿಗ್ಗೆ ಮಾರಿಕುಪ್ಪಂ ಕಡೆಯಿಂದ ಬರುವ ರೈಲುಗಳು ಕೆಜಿಎಫ್‌ನ ಜನರನ್ನು ಬೆಂಗಳೂರಿನ ಕೆಲಸಗಳಿಗೆ ತುಂಬಿಕೊಂಡು ಹೋಗುತ್ತವೆ. ಭಾನುವಾರ ಬೆಳಿಗ್ಗೆ ಅವರಿಗೆ ಎದುರು ದಿಕ್ಕಿನಲ್ಲಿ ಹೋಗುವಾಗ ಕಿಟಕಿ ಪಕ್ಕದ ಸೀಟು ಸಿಗುತ್ತದೆ. ಟೇಕಲ್‌ನ ಬಂಡೆಗಳು ಹಿಂದೆ ಸರಿಯುತ್ತಿದ್ದವು. ನನಗೆ ನೆನಪಾಗುತ್ತಿದ್ದದ್ದು 2004ರಲ್ಲಿ ಇದೇ ದಾರಿಯಲ್ಲಿ ತೊಡೆಯ ಮೇಲೆ ಹದಿನೈದು ಇಂಚಿನ ಮಾನಿಟರ್ ಇಟ್ಟುಕೊಂಡು ಬಂದ ಮಧ್ಯಾಹ್ನ.

ನಮ್ಮೂರಿನ ಬಗ್ಗೆ ಹೊರಗಿನವರಿಗೆ ಹೇಳುವಾಗ ಹೈದರಾಲಿ ಹುಟ್ಟಿದ ಊರು ಅಂತ ಶುರು ಮಾಡುವುದು ರೂಢಿ. ನಮ್ಮ ವಯಸ್ಸಿನವರಿಗೆ ಊರಿನ ಹೆಮ್ಮೆ ಬೇರೆಯೇ ಇತ್ತು. ಮೈರಾಡ ಮತ್ತು ವಾಯ್ಸಸ್ ಸಂಸ್ಥೆಗಳು ಯುನೆಸ್ಕೋ ನೆರವಿನಿಂದ ಬೂದಿಕೋಟೆಯಲ್ಲಿ ‘ನಮ್ಮ ಧ್ವನಿ’ ಸಮುದಾಯ ಬಾನುಲಿ ಶುರು ಮಾಡಿದ್ದವು. ವಾಯುತರಂಗಗಳು ಸಾರ್ವಜನಿಕರ ಸ್ವತ್ತು ಎಂದು ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿತ್ತು. ಆದರೆ ಹಳ್ಳಿಯ ಜನ ತಮ್ಮದೇ ಬಾನುಲಿ ನಡೆಸಲು ಸರ್ಕಾರದ ನೀತಿ ಬದಲಾಗುವ ತನಕ, ಅಂದರೆ 2006ರ ಕೊನೆಯವರೆಗೆ ಕಾಯಬೇಕಿತ್ತು. ಕಾಯುತ್ತ ಕೂರುವ ಬದಲು ನಮ್ಮೂರಿನಲ್ಲಿ ಟಿವಿ ಕೇಬಲ್ಲಿನ ತಂತಿಯಲ್ಲೇ ದನಿಯನ್ನು ಮನೆಮನೆಗೆ ಕಳಿಸಿದರು. ಸಂಘದ ಹೆಂಗಸರು ಮೈಕ್ ಮುಂದೆ ಕೂತು ಬೆಳೆಯ ಬಗ್ಗೆ, ಬಾಣಂತನದ ಬಗ್ಗೆ ಮಾತಾಡಿದ್ದು ಮನೆಯ ಟಿವಿಯಲ್ಲಿ ಕೇಳಿಸುತ್ತಿತ್ತು. ಪಕ್ಕದ ಮನೆಯ ಅಕ್ಕ ಟಿವಿಯೊಳಗಿಂದ ಮಾತಾಡುವುದನ್ನು ಕೇಳಿ ಬೆಳೆದವರು ನಾವು. ಯಾರ ಮಾತು ಕೇಳುವುದಕ್ಕೆ ಯೋಗ್ಯ ಅನ್ನುವ ಪಾಠ ನನಗೆ ಅಲ್ಲೇ ಸಿಗಬೇಕಿತ್ತು. ನನ್ನ ಕಣ್ಣೆಲ್ಲ ಆ ಬಾನುಲಿಯ ಕೋಣೆಯೊಳಗಿದ್ದ ಕಂಪ್ಯೂಟರಿನ ಮೇಲಿತ್ತು.

ರೈತರೂ ಆಗ ಮೊದಲ ಸಲ ಕಂಪ್ಯೂಟರಿನ ಮುಖ ನೋಡುತ್ತಿದ್ದರು. ‘ಭೂಮಿ’ ಯೋಜನೆ ಬಂದು ಕೈಬರಹದ ಪಹಣಿ ನಿಂತುಹೋಗಿತ್ತು. ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ 15 ರೂಪಾಯಿ ಕೊಟ್ಟರೆ ಅಚ್ಚು ಹಾಕಿದ ಪಹಣಿ ಕೈಗೆ ಬರುತ್ತಿತ್ತು. ಪಹಣಿ ಸಿಕ್ಕ ಮೇಲೆ ಅರ್ಜಿ ಬೇಕು, ಅರ್ಜಿಯನ್ನು ಕನ್ನಡದಲ್ಲಿ ಟೈಪ್ ಮಾಡಿಸಬೇಕು. ಪಿಯುಸಿ ಮುಗಿಸಿ ಮನೆಯಲ್ಲೇ ಇದ್ದ ನನಗೆ ಇದೇ ದಾರಿ ಅನ್ನಿಸಿತು. ಅಮ್ಮ ಸಂಘದಲ್ಲಿ ಸಾಲ ತೆಗೆದಳು. ಬೆಂಗಳೂರಿನ ಎಸ್.ಪಿ. ರೋಡಿಗೆ ಹೋಗಿ ಪೆಂಟಿಯಂ ಥ್ರೀ ಪ್ರೊಸೆಸರಿನ, 128 ಎಂಬಿ ರ‍್ಯಾಮಿನ, ಯಾರೋ ಮೂರು ವರ್ಷ ಬಳಸಿ ಬಿಟ್ಟಿದ್ದ ಒಂದು ಅಸೆಂಬಲ್ ಮಾಡಿದ ಕಂಪ್ಯೂಟರ್ ತಂದೆ. ಹಾಲಿನಲ್ಲಿ ಅರಿಶಿನದ ಚಿಟಿಕೆ ಬಿದ್ದ ಹಾಗಿನ ಬಣ್ಣದ ಪೆಟ್ಟಿಗೆ. ಬಸ್ ನಿಲ್ದಾಣದ ಹತ್ತಿರ ಒಂದು ಕೋಣೆ ಬಾಡಿಗೆಗೆ ಹಿಡಿದೆ. ಕನ್ನಡ ಗಣಕ ಪರಿಷತ್ತಿನ ‘ನುಡಿ’ ತಂತ್ರಾಂಶ ಬಿಟ್ಟಿಯಾಗಿ ಸಿಗುತ್ತಿತ್ತು. ಕೆ. ಪಿ. ರಾವ್ ರೂಪಿಸಿದ ಕೀಲಿಮಣೆಯ ವಿನ್ಯಾಸ ಹದಿನೈದು ದಿನದಲ್ಲಿ ಬೆರಳಿಗೆ ಹತ್ತಿತು. ಮದುವೆಯ ಪತ್ರಿಕೆ, ವಿಧವಾ ವೇತನದ ಅರ್ಜಿ, ಜಾತ್ರೆಯ ಕರಪತ್ರ ಎಲ್ಲ ನನ್ನ ಹತ್ತಿರ ಬರತೊಡಗಿದವು. ಊರವರು ‘ಕಂಪ್ಯೂಟರ್ ಹುಡುಗ’ ಅಂದರು.

ಆ ಕೋಣೆಯ ಜಗಲಿಯಲ್ಲಿ ಒಬ್ಬ ಅವ್ವ ಕೂರುತ್ತಿದ್ದಳು. ಅವ್ವ ಅಂದರೆ ನಮ್ಮ ಕಡೆ ಅಜ್ಜಿ. ಮನೆಯಲ್ಲಿ ತೆಲುಗು, ಬೀದಿಯಲ್ಲಿ ಕನ್ನಡ, ಕೆಜಿಎಫ್ ಕಡೆಯ ನೆಂಟರು ಬಂದರೆ ತಮಿಳು, ಇದು ನಮ್ಮ ಸೀಮೆಯ ಬದುಕು. ಅವ್ವನಿಗೂ ಹಾಗೇ. ಹುಣಸೆಯ ಕಾಲದಲ್ಲಿ ಮೊರದ ತುಂಬ ಹಣ್ಣು ಇಟ್ಟುಕೊಂಡು, ಕಲ್ಲಿನ ಮೇಲೆ ಕುಟ್ಟಿ ಬೀಜ ಬಿಡಿಸುತ್ತ ಪದ ಹೇಳುತ್ತಿದ್ದಳು. ಒಂದು ಸಾಲು ಕನ್ನಡ, ಅದಕ್ಕೆ ಉತ್ತರ ತೆಲುಗಿನಲ್ಲಿ. ಯಾವ ಪುಸ್ತಕದಲ್ಲೂ ನಾನು ಅಂಥವನ್ನು ನೋಡಿರಲಿಲ್ಲ. ಒಂದು ದಿನ ಕೆಲಸವಿಲ್ಲದ ಹೊತ್ತಿನಲ್ಲಿ, ಬೆರಳ ಅಭ್ಯಾಸಕ್ಕೆ ಅಂತ ಅವಳು ಹೇಳಿದ್ದನ್ನು ಟೈಪ್ ಮಾಡಿ ದೊಡ್ಡ ಅಕ್ಷರದಲ್ಲಿ ಪರದೆಯ ಮೇಲೆ ತೋರಿಸಿದೆ. ಅವಳಿಗೆ ಓದಲು ಬರುತ್ತಿರಲಿಲ್ಲ. ಹುಣಸೆಯ ಅಂಟು ಹತ್ತಿದ ಬೆರಳನ್ನು ಗಾಜಿಗೆ ತಾಗಿಸದೆ, ಒಂದು ಗೇಣು ದೂರದಲ್ಲೇ ಸಾಲಿನ ಉದ್ದಕ್ಕೂ ಆಡಿಸಿ, “ಇಲ್ಲಿಂದ ಇಲ್ಲಿತನಕ ನಂದೇನಾ?” ಅಂದಳು. “ನಿಂದೇ ಅವ್ವ” ಅಂದೆ. ಮಾರನೆಯ ದಿನದಿಂದ ಅವಳೇ ಕೇಳಿ ಬರೆಸತೊಡಗಿದಳು. ಮದುವೆಯವು, ನಾಟಿಯವು, ಮಗು ತೊಟ್ಟಿಲಿಗೆ ಹಾಕುವವು, ಸತ್ತ ಮನೆಯಲ್ಲಿ ಹೇಳುವವು. ಎರಡು ಹುಣಸೆಯ ಕಾಲ ಕಳೆಯುವಷ್ಟರಲ್ಲಿ ಅರವತ್ತಕ್ಕೂ ಹೆಚ್ಚು ಪದಗಳಾದವು. ಅವನ್ನೆಲ್ಲ ಒಂದು ಫೋಲ್ಡರಿನಲ್ಲಿ ಇಟ್ಟೆ. ಇನ್ನೆಲ್ಲೂ ಇಡಲಿಲ್ಲ. 1.44 ಎಂಬಿಯ ಫ್ಲಾಪಿಗಳು ಧೂಳಿಗೆ ವಾರದಲ್ಲೇ ಕೆಡುತ್ತಿದ್ದವು. ಸಿಡಿ ಬರೆಯುವ ಡ್ರೈವ್ ನನ್ನ ಪೆಟ್ಟಿಗೆಯಲ್ಲಿ ಇರಲಿಲ್ಲ. ಇವೆಲ್ಲ ನಿಜವಾದ ಕಾರಣಗಳೇ. ಆದರೂ ಒಂದು ಪ್ರಿಂಟ್ ತೆಗೆದಿಡಬಹುದಿತ್ತು. ರಿಬ್ಬನ್ ಖರ್ಚಾಗುತ್ತದೆ ಅಂತ ತೆಗೆಯಲಿಲ್ಲ.

2005ರ ಕಾರ್ತಿಕ ಕಳೆದು ಚಳಿ ಬಿದ್ದ ಮೇಲೆ ಕಂಪ್ಯೂಟರಿಗೆ ರೋಗ ಶುರುವಾಯಿತು. ಬೆಳಿಗ್ಗೆ ಎಂಟಕ್ಕೆ ಅಂಗಡಿ ತೆಗೆದು ಬಟನ್ ಒತ್ತಿದರೆ ಫ್ಯಾನ್ ತಿರುಗುತ್ತಿತ್ತು, ಪರದೆ ಕಪ್ಪಗೇ ಉಳಿಯುತ್ತಿತ್ತು. ಆರಿಸಿ ಮತ್ತೆ ಒತ್ತಿದರೆ ಒಮ್ಮೊಮ್ಮೆ ವಿಂಡೋಸಿನ ಮೋಡಗಳ ಚಿತ್ರದ ತನಕ ಬಂದು ಅಲ್ಲೇ ನಿಲ್ಲುತ್ತಿತ್ತು. ಬೆಂಗಳೂರಿನಲ್ಲಿ ನೋಡಿ ಕಲಿತಿದ್ದ ಹಾಗೆ ರ‍್ಯಾಮ್ ಕಳಚಿ, ಅದರ ಬಂಗಾರದ ಬಣ್ಣದ ಅಂಚನ್ನು ಪೆನ್ಸಿಲ್ ಅಳಿಸುವ ರಬ್ಬರಿನಿಂದ ಉಜ್ಜಿ ಕೂರಿಸಿದೆ. ಹತ್ತು ಗಂಟೆಯ ಹೊತ್ತಿಗೆ ಕಂಪ್ಯೂಟರ್ ಎದ್ದಿತು. ರಬ್ಬರೇ ಮದ್ದು ಅಂತ ನಂಬಿದೆ. ಮಾರನೆಯ ದಿನ ಮತ್ತೆ ಅದೇ. ಹಾರ್ಡ್ ಡಿಸ್ಕಿನ ಪಟ್ಟಿಯಂಥ ಕೇಬಲ್ ತೆಗೆದು ಹಾಕಿದೆ, ಎದ್ದಿತು. ಕೇಬಲ್ ಸಡಿಲ ಅಂದುಕೊಂಡೆ. ಮೂರನೆಯ ದಿನ ಎಸ್‌ಎಂಪಿಎಸ್ಸಿನ ಧೂಳು ಊದಿದೆ, ಎದ್ದಿತು. ವೋಲ್ಟೇಜ್ ಕಡಿಮೆಯಿರಬೇಕು ಅಂತ ಸ್ಟೆಬಿಲೈಜರ್ ತಂದೆ. ಅದೂ ಒಂದು ದಿನ ಕೆಲಸ ಮಾಡಿತು.

ಈಗ ಕೂತು ಯೋಚಿಸಿದರೆ ಎಲ್ಲ ನಿಚ್ಚಳವಾಗಿ ಕಾಣುತ್ತದೆ. ನಾನು ಏನು ಮಾಡಿದರೂ ಅದಕ್ಕೆ ಒಂದೆರಡು ಗಂಟೆ ಹಿಡಿಯುತ್ತಿತ್ತು. ಅಷ್ಟರಲ್ಲಿ ಹೊತ್ತು ಏರುತ್ತಿತ್ತು, ಹತ್ತಾರು ಸಲ ಆನ್ ಮಾಡಿ ಆಫ್ ಮಾಡಿ ಬೋರ್ಡೂ ಬೆಚ್ಚಗಾಗುತ್ತಿತ್ತು. ಎಚ್ಚರವಾಗುವ ಗಳಿಗೆಯಲ್ಲಿ ನನ್ನ ಕೈ ಎಲ್ಲಿ ಇತ್ತೋ ಅದೇ ಕಾರಣ ಅನ್ನಿಸಿಕೊಳ್ಳುತ್ತಿತ್ತು.

ಇದನ್ನು ಒಬ್ಬಳು ಕಂಡುಹಿಡಿದಿದ್ದಳು. ಕೋಣೆಯ ಕಸ ಗುಡಿಸಿ ನೀರು ತುಂಬಿಡಲು ಬರುತ್ತಿದ್ದ ಅಕ್ಕ. ಮನೆಯಲ್ಲಿ ರೇಷ್ಮೆ ಹುಳು ಮೇಯಿಸುತ್ತಿದ್ದಳು. ನಮ್ಮ ಜಿಲ್ಲೆಯಲ್ಲಿ ಹಿಪ್ಪುನೇರಳೆ ಕಡ್ಡಿ ನೆಡದ ಊರು ಕಡಿಮೆ. ಹುಳು ಮೇಯಿಸುವವರ ಕಣ್ಣು ಬೇರೆ. ಹುಳು ಪೊರೆ ಬಿಡುವ ಹೊತ್ತಿಗೆ ಜ್ವರ ಅನ್ನುತ್ತಾರೆ; ಒಂದು ಜ್ವರದಿಂದ ಇನ್ನೊಂದು ಜ್ವರಕ್ಕೆ ಹುಳು ಯಾವಾಗ ಕೂರುತ್ತದೆ, ಯಾವಾಗ ತಲೆ ಎತ್ತುತ್ತದೆ ಅಂತ ರಾತ್ರಿಯೆಲ್ಲ ನೋಡುತ್ತಿರಬೇಕು. ಚಳಿಗಾಲದಲ್ಲಿ ಹುಳುಮನೆಗೆ ಇದ್ದಿಲ ಕೆಂಡ ಇಟ್ಟು ಕಾವು ಕೊಡಬೇಕು. ನಾಲ್ಕನೆಯ ಜ್ವರ ದಾಟಿ ಹುಳು ಹಣ್ಣಾಗಿ, ಗೂಡು ಕಟ್ಟಲು ಚಂದ್ರಿಕೆಗೆ ಬಿಡುವ ತನಕ ಅವಳಿಗೆ ಸರಿಯಾದ ನಿದ್ದೆಯಿಲ್ಲ. ಒಂದು ಬೆಳಿಗ್ಗೆ ನಾನು ಸ್ಕ್ರೂಡ್ರೈವರ್ ಹಿಡಿದು ಕೂತಿದ್ದಾಗ, ಪೊರಕೆ ಗೋಡೆಗೆ ಒರಗಿಸಿ ಹೇಳಿದಳು:

“ಅದಕ್ಕೆ ಚಳಿ ಕಣಪ್ಪ. ನಾನು ದಿನಾ ನೋಡ್ತಿದೀನಿ. ಬೆಳಿಗ್ಗೆ ಏಳಲ್ಲ, ಬಿಸಿಲು ಒಳಗೆ ಬಂದ ಮೇಲೆ ಏಳ್ತದೆ. ನಿನ್ನೆ ಮೋಡ ಇತ್ತಲ್ಲ, ನಿನ್ನೆ ಮಧ್ಯಾಹ್ನದ ಮೇಲೆ ಎದ್ದದ್ದು.”

ನಿನ್ನೆ ಮೋಡ ಇದ್ದದ್ದು ನಿಜ, ಮಧ್ಯಾಹ್ನದ ಮೇಲೆ ಎದ್ದದ್ದೂ ನಿಜ. ಆದರೆ ಕಂಪ್ಯೂಟರ್ ಏನು ರೇಷ್ಮೆ ಹುಳುವೇ ಅನ್ನಿಸಿತು. ತಂಪಿದ್ದಷ್ಟೂ ಕಂಪ್ಯೂಟರಿಗೆ ಒಳ್ಳೆಯದು, ಅದಕ್ಕೇ ದೊಡ್ಡ ಆಫೀಸುಗಳಲ್ಲಿ ಎ.ಸಿ. ಹಾಕುತ್ತಾರೆ ಅಂತ ಅವಳಿಗೇ ಪಾಠ ಹೇಳಿದೆ. ಅವಳು ವಾದ ಮಾಡಲಿಲ್ಲ. ಪೊರಕೆ ಎತ್ತಿಕೊಂಡು ಹೋದಳು. ಅವಳು ಓದಿದವಳಲ್ಲ, ಕಸ ಗುಡಿಸುವವಳು, ಹೆಂಗಸು. ಅವಳ ಮಾತು ನನ್ನ ಕಿವಿಗೆ ಬೀಳದಿದ್ದದ್ದಕ್ಕೆ ಕಾರಣ ಇಷ್ಟೇ. ಅದೇ ಮಾತನ್ನು ಎಸ್.ಪಿ. ರೋಡಿನ ಯಾವನಾದರೂ ಹೇಳಿದ್ದರೆ ಆಗಲೇ ಕೆಂಡದ ಬುಟ್ಟಿ ತಂದಿಡುತ್ತಿದ್ದೆ.

ಸಂಕ್ರಾಂತಿಗೆ ನಾಲ್ಕು ದಿನ ಇತ್ತು. ಕರಪತ್ರಗಳ ಕೆಲಸ ಬಾಕಿ ಬಿದ್ದಿತ್ತು. ಆ ದಿನ ವಿಂಡೋಸಿನ ಮೋಡದ ಚಿತ್ರದಲ್ಲೇ ಆರು ಸಲ ನಿಂತಿತು. ವೈರಸ್ ಬಂದಿದೆ, ವಿಂಡೋಸ್ ಕೆಟ್ಟಿದೆ ಅಂತ ತೀರ್ಮಾನ ಮಾಡಿದೆ. ಬೂಟ್ ಫ್ಲಾಪಿ ಹಾಕಿ ಕಪ್ಪು ಪರದೆಯಲ್ಲಿ ಫಾರ್ಮ್ಯಾಟ್ ಆಜ್ಞೆ ಕೊಟ್ಟೆ. ಸಿ ಡ್ರೈವಿನಲ್ಲಿರುವುದೆಲ್ಲ ಅಳಿಸಿಹೋಗುತ್ತದೆ, ಮುಂದುವರಿಯಲೇ ಅಂತ ಅದು ಎಚ್ಚರಿಕೆ ಕೊಟ್ಟು ಕೇಳಿತು. ಆ ಸಾಲಿನ ಕೊನೆಯಲ್ಲಿ ಚಿಕ್ಕ ಗೆರೆಯೊಂದು ಮಿಟುಕುತ್ತ ಕಾಯುತ್ತಿತ್ತು. ಅವ್ವನ ಪದಗಳು ನೆನಪಾಗಲಿಲ್ಲ ಅಂತ ಹೇಳಿದರೆ ಸುಳ್ಳಾಗುತ್ತದೆ. ನೆನಪಾದವು. ಹೋದರೆ ಮತ್ತೆ ಹೇಳಿಸಿಕೊಂಡರಾಯಿತು, ಅವ್ವ ಜಗಲಿಯಲ್ಲೇ ಇದ್ದಾಳಲ್ಲ ಅಂದುಕೊಂಡೆ. ವೈ ಒತ್ತಿದೆ. ಶೇಕಡಾ ಒಂದು, ಎರಡು ಅಂತ ಲೆಕ್ಕ ಏರತೊಡಗಿತು. ಹೊರಗೆ ಅವ್ವ ಬಿಸಿಲು ಕಾಯಿಸುತ್ತ ಕೂತಿದ್ದಳು.

ಸಂಜೆಗೆ ಹೊಸ ವಿಂಡೋಸ್ ಕುದುರೆಯ ಹಾಗೆ ಓಡಿತು. ಮರುದಿನ ಬೆಳಿಗ್ಗೆ ಎಂಟಕ್ಕೆ ಬಟನ್ ಒತ್ತಿದೆ. ಫ್ಯಾನ್ ತಿರುಗಿತು. ಪರದೆ ಕಪ್ಪು.

ಪೆಟ್ಟಿಗೆಯನ್ನು ಗೋಣಿಚೀಲದಲ್ಲಿ ಸುತ್ತಿ ಬಸ್ಸಿನಲ್ಲಿ ಬಂಗಾರಪೇಟೆಗೆ ಒಯ್ದೆ. ಅಮ್ಮನ ತಮ್ಮ, ನನ್ನ ಮಾವ, ಅಲ್ಲಿ ಮೋಟಾರ್ ರಿವೈಂಡಿಂಗ್ ಅಂಗಡಿ ಇಟ್ಟಿದ್ದ. ಅದಕ್ಕೂ ಮೊದಲು ಕೆಜಿಎಫ್ ಗಣಿಯ ಎಲೆಕ್ಟ್ರಿಕಲ್ ವಿಭಾಗದಲ್ಲಿದ್ದ. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ಪಂಪುಗಳು ನಿಂತು, ಅವನ ಕೈಯಲ್ಲಿ ಓಡುತ್ತಿದ್ದ ಮೋಟಾರುಗಳಿದ್ದ ಮಟ್ಟಕ್ಕೆ ನೀರು ಏರಿತು ಅನ್ನುವುದನ್ನು ಅವನು ಸತ್ತವರ ಸುದ್ದಿ ಹೇಳುವ ಹಾಗೆ ಹೇಳುತ್ತಿದ್ದ. ಶಿವನಸಮುದ್ರದಿಂದ ಕರೆಂಟು ಕೆಜಿಎಫ್‌ಗೆ ಬಂದದ್ದು 1902ರಲ್ಲಿ, ಬೆಂಗಳೂರಿಗೆ ದೀಪ ಹತ್ತಿದ್ದು ಅದಾಗಿ ಮೂರು ವರ್ಷಕ್ಕೆ, 1905ರಲ್ಲಿ. ಈ ಎರಡು ಇಸವಿಗಳನ್ನು ಅವನಿಂದ ಕೇಳದ ಗಿರಾಕಿಯೇ ಇರಲಿಲ್ಲ. ಮಾವ ಮೃದು ಮನುಷ್ಯನಲ್ಲ. ಗಣಿ ಮುಚ್ಚಿದ ಮೇಲೆ ಕುಡಿತ ಹತ್ತಿತ್ತು, ಅತ್ತೆಗೆ ಅವನಿಂದ ಸುಖವಿರಲಿಲ್ಲ. ಅವನ ಬಗ್ಗೆ ಬರೆಯುವಾಗ ಇದನ್ನು ಬಿಡುವುದು ಅತ್ತೆಗೆ ಮಾಡುವ ಅನ್ಯಾಯ. ಕೆಲಸಕ್ಕೆ ಕೂತಾಗ ಮಾತ್ರ ಅವನು ಬೇರೆಯೇ ಆಗುತ್ತಿದ್ದ.

ಕಂಪ್ಯೂಟರನ್ನು ಅವನು ಅದಕ್ಕೂ ಮೊದಲು ಬಿಚ್ಚಿದವನಲ್ಲ. ಬದಿಯ ತಗಡು ತೆಗೆದು, ಟಾರ್ಚ್ ಬಿಟ್ಟು, ಐದು ನಿಮಿಷ ಸುಮ್ಮನೆ ನೋಡಿದ. ಆಮೇಲೆ ಪ್ರೊಸೆಸರಿನ ಪಕ್ಕದ ಸಾಲಿಗೆ ಸ್ಕ್ರೂಡ್ರೈವರಿನ ತುದಿ ತೋರಿಸಿದ.

“ಕಂಡೆನ್ಸರ್ ನೋಡು. ತಲೆ ಚಪ್ಪಟೆ ಇರ್ಬೇಕು.”

ನೋಡಿದೆ. ಬೆರಳ ಗೆಣ್ಣಿನಷ್ಟು ಉದ್ದದ ಪುಟ್ಟ ಡಬ್ಬಿಗಳು. ಪಕ್ಕದ ಸಾಲಿನವುಗಳ ನೆತ್ತಿ ಹೊಸ ನಾಣ್ಯದ ಹಾಗೆ ಮಟ್ಟಸವಾಗಿತ್ತು. ಈ ಆರರ ನೆತ್ತಿ ಪೂರಿಯ ಹಾಗೆ ಉಬ್ಬಿತ್ತು. ಎರಡರ ಮೇಲಿನ ಗೀರು ಬಿರಿದು, ಕಂದು ಬಣ್ಣದ ಹುಡಿ ಒಣಗಿ ಕೂತಿತ್ತು. ವಾರಗಟ್ಟಲೆ ದಿನಾ ಆ ಪೆಟ್ಟಿಗೆ ತೆರೆದಿದ್ದೆ. ಒಂದು ದಿನವೂ ಕಂಡಿರಲಿಲ್ಲ.

ಆ ರೋಗ ನನ್ನ ಪೆಟ್ಟಿಗೆಗೆ ಮಾತ್ರ ಬಂದದ್ದಲ್ಲ ಅನ್ನುವುದು ಆಮೇಲೆ ತಿಳಿಯಿತು. 1999ರ ಸುಮಾರಿನಿಂದ ಕೆಲವು ವರ್ಷ ತಯಾರಾದ ಎಷ್ಟೋ ಕೆಪಾಸಿಟರುಗಳಲ್ಲಿ, ಅಂದರೆ ಮಾವ ಕಂಡೆನ್ಸರ್ ಅಂದ ಡಬ್ಬಿಗಳಲ್ಲಿ, ತುಂಬಿದ್ದ ದ್ರಾವಣವೇ ದೋಷದ್ದು. ಅದು ಒಳಗಿನ ಅಲ್ಯೂಮಿನಿಯಂ ತಿಂದು ಅನಿಲ ಹುಟ್ಟಿಸುತ್ತಿತ್ತು, ಡಬ್ಬಿ ಉಬ್ಬಿ ಬಿರಿಯುತ್ತಿತ್ತು. ಜಗತ್ತಿನ ಎಷ್ಟೋ ಮದರ್‌ಬೋರ್ಡುಗಳು ಹೀಗೇ ಸತ್ತವು. ಪ್ರೊಸೆಸರಿಗೆ ಹೋಗುವ ವಿದ್ಯುತ್ತನ್ನು ಏರಿಳಿತವಿಲ್ಲದ ಹಾಗೆ ಹಿಡಿದು ಕೊಡುವುದು ಈ ಡಬ್ಬಿಗಳ ಕೆಲಸ. ದ್ರಾವಣ ಕೆಟ್ಟರೆ ಒಳಗಿನ ತಡೆ ಹೆಚ್ಚುತ್ತದೆ, ಚಳಿಯಲ್ಲಿ ಇನ್ನೂ ಹೆಚ್ಚುತ್ತದೆ. ಬೆಚ್ಚಗಾದರೆ ತಡೆ ಇಳಿದು, ಕೆಟ್ಟ ಡಬ್ಬಿಯೂ ಹೇಗೋ ಕೆಲಸ ಎಳೆಯುತ್ತದೆ. ಅಕ್ಕ ಹೇಳಿದ್ದರಲ್ಲಿ ಒಂದು ಅಕ್ಷರವೂ ತಪ್ಪಿರಲಿಲ್ಲ.

ಬೆಂಗಳೂರಿನಿಂದ ಹೊಸವು ತರಿಸಿ ಮಾವ ಆರನ್ನೂ ಬೆಸುಗೆ ಹಾಕಿದ. ದುಡ್ಡು ಮುಟ್ಟಲಿಲ್ಲ. ಅದಕ್ಕೂ ಮೊದಲು ನಾನು ಏನೇನು ಮಾಡಿದ್ದೆ ಅಂತ ಕೇಳಿದ. ಹೇಳುತ್ತ ಹೋದೆ. ಫಾರ್ಮ್ಯಾಟಿನ ಮಾತು ಬಂದಾಗ ಹಾಗಂದರೇನು ಅಂತ ವಿವರವಾಗಿ ಕೇಳಿಕೊಂಡ. ಬೆಸುಗೆಯ ಕಡ್ಡಿ ಕೆಳಗಿಟ್ಟ.

“ಕರೆಂಟು ಎಲ್ಲಿತನಕ ಬಂತು ಅಂತ ಮೊದ್ಲು ನೋಡ್ಬೇಕು. ಬಾಗಿಲಲ್ಲೇ ನಿಂತಿದೆ. ನೀನು ಒಳಗೆ ಹೋಗಿ ಕಡೇ ರೂಮಿನ ಸಾಮಾನು ಬಿಸಾಕಿ ಬಂದಿದೀಯಲ್ಲೋ.”

ಗಣಿಯಲ್ಲಿ ಪ್ರತಿ ಶಿಫ್ಟಿಗೂ ಒಂದು ಪುಸ್ತಕ ಇರುತ್ತಿತ್ತಂತೆ. ಏನು ನಿಂತಿತ್ತು, ಏನು ಬದಲಿಸಿದೆ, ಏನನ್ನು ಮುಟ್ಟಲಿಲ್ಲ, ಮೂರನ್ನೂ ಬರೆದು ಮುಂದಿನ ಶಿಫ್ಟಿನವನಿಗೆ ಒಪ್ಪಿಸಬೇಕು. “ಮುಟ್ಟದ್ದನ್ನ ಯಾಕೆ ಬರೀಬೇಕು ಮಾವ?” ಅಂದೆ. “ಕೆಳಗೆ ಜನ ಇರ್ತಾರೆ. ಬರೋವ್ನು ನಂಬ್ಕೊಂಡು ಕೈ ಹಾಕೋಕೆ ಏನಾದ್ರೂ ಬೇಕಲ್ಲ” ಅಂದ. ಬದಿಯ ತಗಡಿನ ಒಳಮೈಗೆ ಬಿಳಿ ಟೇಪ್ ಅಂಟಿಸಿ, ಪೆನ್ಸಿಲಿನಿಂದ ಬರೆದ: ಕಂಡೆನ್ಸರ್ 6 ಹೊಸದು, ತಾರೀಖು, ಬೇರೆ ಏನೂ ಮುಟ್ಟಿಲ್ಲ.

ಊರಿಗೆ ಬಂದು ಅವ್ವನ ಹತ್ತಿರ ಮತ್ತೆ ಪದ ಹೇಳಿಸಿಕೊಳ್ಳಬೇಕಿತ್ತು. ಹೇಳಿಸಿಕೊಳ್ಳಬೇಕಾದರೆ ಹೋದದ್ದನ್ನು ಹೇಳಬೇಕು. ಸಂಕ್ರಾಂತಿ ಕಳೆಯಲಿ ಅಂದುಕೊಂಡೆ. ಶಿವರಾತ್ರಿ ಕಳೆಯಲಿ ಅಂದುಕೊಂಡೆ. ಒಂದು ಸಂಜೆ ಅವಳೇ ಜಗಲಿಯಿಂದ ಕೇಳಿದಳು, “ರಿಪೇರಿ ಆಯ್ತಂತಲ್ಲ, ನನ್ನ ಪದಗಳು ಒಳಗೆ ಚೆನ್ನಾಗಿದಾವಾ?” ಅಂತ. “ಇದಾವೆ ಅವ್ವ” ಅಂದೆ. ಪರದೆಯಿಂದ ಕಣ್ಣು ತೆಗೆಯದೆ ಅಂದೆ. ಆ ವರ್ಷ ಮಳೆಗಾಲ ಹಿಡಿಯುವ ಮುಂಚೆ ಅವ್ವ ತೀರಿಕೊಂಡಳು. ಸತ್ತ ಮನೆಯಲ್ಲಿ ಹೇಳುವ ಪದ ಅವಳಿಗೆ ಮಾತ್ರ ಬರುತ್ತಿತ್ತು, ಹಾಗಾಗಿ ಅವಳ ಮನೆಯಲ್ಲಿ ಅದನ್ನು ಯಾರೂ ಹೇಳಲಿಲ್ಲ. ನಾನು ಬಾಗಿಲ ಹತ್ತಿರ ನಿಂತಿದ್ದೆ.

ಅಂಗಡಿ ಇನ್ನೂ ಮೂರು ವರ್ಷ ನಡೆಯಿತು. ಆಮೇಲೆ ಬೆಂಗಳೂರಿನಲ್ಲಿ ಕಂಪ್ಯೂಟರ್ ರಿಪೇರಿಯ ಕೆಲಸವೇ ಸಿಕ್ಕಿತು. 2011ರಲ್ಲಿ ಒಂದು ರಾತ್ರಿ ಅಟ್ಟದಿಂದ ಇಳಿಸಿದ್ದ ಆ ಹಾರ್ಡ್ ಡಿಸ್ಕನ್ನು ಅಡಾಪ್ಟರಿಗೆ ಸಿಕ್ಕಿಸಿ, ಅಳಿಸಿದ್ದನ್ನು ಹುಡುಕುವ ತಂತ್ರಾಂಶ ಓಡಿಸಿದೆ. ಫಾರ್ಮ್ಯಾಟ್ ಮಾಡಿದ ಕೂಡಲೆ ಅಕ್ಷರಗಳೆಲ್ಲ ಸಾಯುವುದಿಲ್ಲ, ಅವುಗಳ ವಿಳಾಸ ಮಾತ್ರ ಅಳಿಯುತ್ತದೆ, ಮೇಲೆ ಬೇರೆ ಬರಹ ಬಿದ್ದಾಗ ನಿಜವಾಗಿ ಸಾಯುತ್ತವೆ ಅಂತ ಅಷ್ಟರಲ್ಲಿ ಕಲಿತಿದ್ದೆ. ನಾನು ಅವುಗಳ ಮೇಲೆ ಅದೇ ಸಂಜೆ ವಿಂಡೋಸ್ ಹಾಕಿದ್ದೆ, ಆಮೇಲೆ ಮೂರು ವರ್ಷ ಮದುವೆ ಪತ್ರಿಕೆ ಬರೆದಿದ್ದೆ. ಬೆಳಗಿನ ಜಾವದ ಹೊತ್ತಿಗೆ ಸಾವಿರಾರು ಚೂರುಗಳು ಸಿಕ್ಕವು. ಒಂದು ಚೂರಿನಲ್ಲಿ, ಟೊಪ್ಪಿ ಹಾಕಿದ ಇಂಗ್ಲಿಷ್ ಅಕ್ಷರಗಳ ಒಂದೇ ಗುಂಪು ಸಾಲುಸಾಲಿನ ಕೊನೆಗೂ ಮರಳಿ ಬರುತ್ತಿತ್ತು. ಯೂನಿಕೋಡ್ ಬರುವ ಮುಂಚಿನ ನುಡಿಯ ಬರಹ ಅದರ ಫಾಂಟ್ ಇಲ್ಲದಿದ್ದರೆ ಹಾಗೆ ಕಾಣುತ್ತದೆ. ಸಾಲಿನ ಕೊನೆಯಲ್ಲಿ ಮರಳಿ ಬರುವುದು ಪಲ್ಲವಿ. ಹಳೆಯ ಫಾಂಟ್ ಹುಡುಕಿ ಹಾಕಿದೆ. ಟೊಪ್ಪಿಗಳು ಕರಗಿ ಕನ್ನಡ ಎದ್ದುಬಂತು. ಹೊಸ ಸೊಸೆ ಮೊದಲ ಕೊಡ ನೀರು ತರುವಾಗ ಹೇಳುವ ಪದ. ಹನ್ನೊಂದು ಸಾಲು. ಹನ್ನೊಂದನೆಯದು ಒಂದು ತೆಲುಗು ಮಾತಿನ ನಡುವೆ, ಅರ್ಧ ಅಕ್ಷರದಲ್ಲಿ ಕಡಿದುಹೋಗಿತ್ತು. ಅದರಾಚೆಗೆ ಯಾರದೋ ಗೃಹಪ್ರವೇಶದ ಪತ್ರಿಕೆ.

ಈ ಭಾನುವಾರ ಊರು ತಲುಪುವಾಗ ಹನ್ನೊಂದಾಗಿತ್ತು. ಬಸ್ ನಿಲ್ದಾಣದ ಹತ್ತಿರದ ನನ್ನ ಕೋಣೆಯಿದ್ದ ಜಾಗದಲ್ಲಿ ಈಗ ಮೊಬೈಲ್ ಅಂಗಡಿ. ಜಗಲಿ ಒಡೆದು ಗಾಜಿನ ಬಾಗಿಲು ಇಟ್ಟಿದ್ದಾರೆ. ಮನೆಯಲ್ಲಿ ಹುಡುಗಿ ಪೆನ್‌ಡ್ರೈವನ್ನು ಮೇಜಿನ ಮೇಲೆ ಮುಟ್ಟದೆ ಇಟ್ಟು ಕಾಯುತ್ತಿದ್ದಳು.

ನಾನು ಕೈ ಹಾಕಲಿಲ್ಲ, ಅವಳಿಂದಲೇ ಮಾಡಿಸಿದೆ. ಕರೆಂಟು ಎಲ್ಲಿತನಕ ಬರುತ್ತಿದೆ? ಫ್ಯಾನ್ ತಿರುಗುತ್ತಿದೆ, ಪರದೆ ಹತ್ತುತ್ತಿದೆ, ಕೀಲಿಮಣೆಯ ದೀಪ ಉರಿಯುತ್ತಿದೆ. ಅಂದರೆ ಬಾಗಿಲು ದಾಟಿದೆ. ನೀಲಿ ಪರದೆ ಏನು ಹೇಳುತ್ತಿದೆ? ‘ಇನ್‌ಆಕ್ಸೆಸಿಬಲ್ ಬೂಟ್ ಡಿವೈಸ್’ ಅಂತ ಓದಿದಳು. ಡಿಸ್ಕ್ ಸತ್ತಿದೆ ಅಂತ ಅದು ಹೇಳುತ್ತಿಲ್ಲ, ನನಗೆ ಅದರ ಹತ್ತಿರ ಹೋಗಲು ಆಗುತ್ತಿಲ್ಲ ಅನ್ನುತ್ತಿದೆ. ಬೋರ್ಡಿನ ಹೊಂದಾಣಿಕೆಗಳಿರುವ ಬಯಾಸ್ ಒಳಗೆ ಹೋಗಿ ನೋಡು ಅಂದೆ. ಡಿಸ್ಕಿನ ಹೆಸರು ಅಲ್ಲಿ ಸರಿಯಾಗಿತ್ತು.

“ಮಾವ, ತಾರೀಖು ನೋಡು. 2012 ಜನವರಿ 1 ಅಂತಿದೆ.”

ಅದನ್ನು ಅವಳೇ ಕಂಡುಹಿಡಿದಳು. ಹಿಂದೆಯೂ ಗಡಿಯಾರ ತಪ್ಪು ತೋರಿಸುತ್ತಿತ್ತೇ ಅಂತ ಕೇಳಿದೆ. ಒಂದು ದಿನ ರಾತ್ರಿಯೆಲ್ಲ ಕರೆಂಟು ಇರಲಿಲ್ಲ, ಅದಾದ ಮೇಲೇ ಹೀಗಾದದ್ದು ಅಂದಳು. ಬದಿಯ ತಗಡು ತೆಗೆದು ನಾಣ್ಯದಂಥ ಬ್ಯಾಟರಿಯನ್ನು ಮೀಟರಿಗೆ ಹಿಡಿದಳು. ಮೂರು ವೋಲ್ಟ್ ಇರಬೇಕಾದ ಸಿಆರ್2032ರಲ್ಲಿ 1.9 ಇತ್ತು. ಪ್ಲಗ್ಗಿನ ಕರೆಂಟು ಹೋದ ಹೊತ್ತಿನಲ್ಲಿ ಕಂಪ್ಯೂಟರಿನ ನೆನಪು ಕಾಯುವುದು ಆ ಬಿಲ್ಲೆ. ಅದು ಸೋತಾಗ ಬೋರ್ಡ್ ತನ್ನ ಹಳೆಯ ಹೊಂದಾಣಿಕೆಗಳನ್ನೆಲ್ಲ ಮರೆತು ಕಾರ್ಖಾನೆಯಲ್ಲಿ ಹುಟ್ಟಿದ ದಿನದ ಸ್ಥಿತಿಗೆ ಹೋಗುತ್ತದೆ. ಡಿಸ್ಕಿನ ಜೊತೆ ಮಾತಾಡುವ ರೀತಿಯನ್ನು ಆಫೀಸಿನವರು ಎಹೆಚ್‌ಸಿಐ ಅಂತ ಇಟ್ಟಿದ್ದರು ಅನ್ನಿಸುತ್ತದೆ, ಬ್ಯಾಟರಿ ಸತ್ತಾಗ ಅದು ರೇಡ್ ಅಂತ ಬದಲಾಗಿತ್ತು. ವಿಂಡೋಸಿಗೆ ತನ್ನ ಮನೆಯ ದಾರಿಯೇ ತಪ್ಪಿತ್ತು. ಮನೆ ಹಾಗೇ ಇತ್ತು.

ಅದನ್ನು ಎಹೆಚ್‌ಸಿಐಗೆ ತಿರುಗಿಸಿ ಸೇವ್ ಮಾಡಿದಳು. ಅವಳ ನಾಯಿಯ ಫೋಟೋ ಇದ್ದ ಪರದೆ ಬಂತು. ಹುಡುಗಿ ಕೂಗಿಕೊಂಡ ದನಿಗೆ ಅಕ್ಕ ಅಡಿಗೆಮನೆಯಿಂದ ಓಡಿಬಂದಳು. ಮೊದಲು ಎಲ್ಲವನ್ನೂ ಬೇರೆ ಡಿಸ್ಕಿಗೆ ಕಾಪಿ ಮಾಡಿಸಿದೆ, ಸಂಘದ ಲೆಕ್ಕವನ್ನು ಪ್ರಿಂಟ್ ತೆಗೆಸಿದೆ. ಹೊಸ ಬ್ಯಾಟರಿಗೆ ಬಂಗಾರಪೇಟೆಗೇ ಹೋಗಬೇಕು ಅಂದುಕೊಂಡಿದ್ದೆ, ಗಾಜಿನ ಬಾಗಿಲಿನ ಮೊಬೈಲ್ ಅಂಗಡಿಯಲ್ಲೇ ಸಿಕ್ಕಿತು.

ಬ್ಯಾಟರಿ ತರಲು ಹೋದವನು ಅಲ್ಲಿಂದ ಅಕ್ಕನ ಮನೆಗೆ ಹೋದೆ, ಕಸ ಗುಡಿಸಲು ಬರುತ್ತಿದ್ದ ಆ ಅಕ್ಕನ ಮನೆಗೆ. ಈಗ ಹುಳು ಮೇಯಿಸುವುದಿಲ್ಲ, ಮೊಣಕಾಲು ನೋವು. ಹುಳುಮನೆಯಲ್ಲಿ ಸೌದೆ ತುಂಬಿದೆ. ಚಂದ್ರಿಕೆಯೊಂದು ಗೋಡೆಗೆ ನಿಂತಿತ್ತು, ಅದರ ಸುರುಳಿಗಳಲ್ಲಿ ಜೇಡ ಬಲೆ ಕಟ್ಟಿತ್ತು. ಅವಳಿಗೆ ಎಲ್ಲವನ್ನೂ ಹೇಳಿದೆ. ನೀನು ಹೇಳಿದ್ದೇ ಸರಿಯಿತ್ತು, ನಾನು ಕೇಳಲಿಲ್ಲ, ಅವ್ವನ ಪದಗಳನ್ನು ನನ್ನ ಕೈಯಾರೆ ಅಳಿಸಿದೆ, ಇದಾವೆ ಅಂತ ಅವಳಿಗೆ ಸುಳ್ಳು ಹೇಳಿದೆ. ಅಷ್ಟು ವರ್ಷ ಅಮ್ಮನಿಗೂ ಹೇಳಿರಲಿಲ್ಲ.

ಚಳಿಯ ಮಾತು ಹೇಳಿದ್ದು ಅವಳಿಗೆ ನೆನಪೇ ಇರಲಿಲ್ಲ. ಅವ್ವನ ವಿಷಯಕ್ಕೆ ಬಹಳ ಹೊತ್ತು ಸುಮ್ಮನಿದ್ದಳು. “ಅವಳು ಎಲ್ಲರ ಹತ್ರ ಹೇಳ್ಕೊಂಡು ತಿರುಗ್ತಿದ್ಲು, ನನ್ನ ಪದ ಪೆಟ್ಟಿಗೇಲಿದಾವೆ ಅಂತ” ಅಂದಳು. ನನ್ನನ್ನು ಸಮಾಧಾನ ಮಾಡಲು ಅವಳು ಏನೂ ಹೇಳಲಿಲ್ಲ, ಹೇಳದಿದ್ದದ್ದೇ ಸರಿ. ಜೇಬಿನಿಂದ ಆ ಹನ್ನೊಂದು ಸಾಲಿನ ಹಾಳೆ ತೆಗೆದು ಓದಿದೆ. ಮುಂದಿನದು ಬರುತ್ತದೆಯೇ ಅಂತ ಕೇಳಿದೆ. ತುಟಿ ಆಡಿಸಿದಳು, ತಲೆ ಅಲ್ಲಾಡಿಸಿದಳು. “ಸುಮ್ನೆ ಕೂತ್ರೆ ಬರಲ್ಲಪ್ಪ. ಹುಣಸೆ ಕಾಲಕ್ಕೆ ಬಾ, ಕೈಯಾಡ್ತಾ ಇದ್ರೆ ಒಂದೊಂದು ಬರ್ತದೆ. ನನಗೊಬ್ಳಿಗೆ ಎಲ್ಲ ಬರಲ್ಲ, ಇನ್ನಿಬ್ರನ್ನೂ ಕೂರಿಸ್ತೀನಿ.”

ಮನೆಗೆ ಬಂದಾಗ ಹುಡುಗಿ ತಗಡು ಮುಚ್ಚದೆ ಕಾಯುತ್ತಿದ್ದಳು. ಬ್ಯಾಟರಿಯನ್ನು ಕೂರಿಸಿದಳು, ತಾರೀಖು ತಿದ್ದಿದಳು. ಹುಣಸೆ ಬಿಡಿಸುವ ಕಾಲಕ್ಕೆ ಫೋನಿನಲ್ಲಿ ರೆಕಾರ್ಡ್ ಮಾಡಲು ಬರುತ್ತೀಯಾ ಅಂತ ಕೇಳಿದ್ದಕ್ಕೆ ಪರೀಕ್ಷೆಯ ದಿನಗಳನ್ನು ಎಣಿಸಿ ಬರುತ್ತೇನೆ ಅಂದಳು. ಬಿಳಿ ಟೇಪಿನ ತುಂಡು ಕೊಟ್ಟು, ತಗಡಿನ ಒಳಮೈಗೆ ಅಂಟಿಸಿ ಬರೆ ಅಂದೆ. ಏನು ಬರೆಯಬೇಕು ಅಂತ ಹೇಳಿಕೊಟ್ಟೆ. ಬಗ್ಗಿ, ನಾಲಿಗೆಯ ತುದಿ ಕಚ್ಚಿಕೊಂಡು, ದುಂಡಗೆ ಬರೆದಳು: ಬ್ಯಾಟರಿ ಹೊಸದು. ಬಯಾಸಿನಲ್ಲಿ ಎಹೆಚ್‌ಸಿಐ ಮಾಡಿದೆ. ಡಿಸ್ಕ್ ಮುಟ್ಟಿಲ್ಲ.